ಅಳಿಸು, ಉಳಿಸು, ಕಳಿಸು

ಸೆಪ್ಟೆಂಬರ್ 4

ಚೂಟಿ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಕೇಳಲು ಎಂಟು ತಿಂಗಳು ತಡವಾಯಿತು. ತಡ ಮಾಡಿದ್ದು ನಾನೊಬ್ಬಳೇ ಅಲ್ಲ ಎಂಬುದನ್ನೂ ಇಲ್ಲೇ ಬರೆದುಬಿಡುತ್ತೇನೆ.

ಫೋನ್ ಮಾಡಬಹುದಿತ್ತು. ನಿನ್ನ ಭಾವ ಕೂಡ ಅದನ್ನೇ ಹೇಳಿದರು. "ಊರೆಲ್ಲ ಫೋನಲ್ಲಿ ಮಾತಾಡ್ತಿದೆ, ನೀನು ಸ್ಟಾಂಪ್ ಹುಡುಕ್ತಾ ಕೂತಿದ್ದೀಯ" ಎಂದು ನಕ್ಕರು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೇ ನಿಮಿಷಕ್ಕೇ ಜಗಳಕ್ಕೆ ಬೀಳುತ್ತೇವೆ. ಕಾಗದವಾದರೆ ಕೆಟ್ಟ ಸಾಲು ಬಂದಾಗ ಹರಿದು ಹಾಕಬಹುದು. ಇದು ಮೂರನೆಯ ಹಾಳೆ.

ಜನವರಿಯಲ್ಲಿ ನಿನ್ನ ಮನೆಯ ಊಟದ ಮೇಜಿನಲ್ಲಿ ನಾನು ಕೇಳಿದ್ದು ಇಷ್ಟೇ: "ನಿಮ್ಮ ಕಚೇರಿಯ ಆ್ಯಪ್‌ಗೆ ಮಕ್ಕಳ ಮುಖ ಗೊತ್ತಾ?" ಅದಕ್ಕೆ ನೀನು ಹೇಳಿದ್ದು, "ನಿನ್ನಂಥವ್ರು ರಿಟೈರ್ ಆದ್ರೇನೇ ಶಾಲೆ ಮುಂದೆ ಹೋಗೋದು, ಅಕ್ಕ." ನಾನು ಕೈ ತೊಳೆದು ಹೊರಟೆ. ಈಗ ನಿನ್ನ ಮಾತೇ ನಿಜವಾಗುವ ಕಾಲ ಬಂದಿದೆ.

ನಿಮ್ಮ ಶಿಕ್ಷಣ ಇಲಾಖೆಯ ಕಚೇರಿಯಿಂದ ಸುತ್ತೋಲೆ ಬಂದಿದೆ. ಫೆಬ್ರವರಿ ಕೊನೆಯೊಳಗೆ ಎಲ್ಲ ಶಿಕ್ಷಕರೂ ಡಿಜಿಟಲ್ ಕೌಶಲದ ಪರೀಕ್ಷೆ ಪಾಸು ಮಾಡಬೇಕು. ಆಗದವರನ್ನು ತರಗತಿಯಿಂದ ತೆಗೆದು ಪುಸ್ತಕದ ಉಗ್ರಾಣಕ್ಕೆ ಹಾಕುತ್ತಾರೆ. ನನಗೆ ಇನ್ನೂ ಮೂರು ವರ್ಷ ಸರ್ವೀಸಿದೆ. ಮೂರು ವರ್ಷ ಪುಸ್ತಕದ ಧೂಳು ಹೊಡೆಯುತ್ತಾ, ಗೋಡೆಯಾಚೆಯಿಂದ ನನ್ನ ನಾಲ್ಕನೇ ತರಗತಿಯವರು ಬೇರೆ ಯಾರಿಗೋ ಮಗ್ಗಿ ಒಪ್ಪಿಸುವುದನ್ನು ಕೇಳುತ್ತಾ ಕೂರಬೇಕಾಗುತ್ತದೆ. ಹೆದರಿದ್ದೇನೆ, ಚೂಟಿ. ನಿನ್ನ ಮುಂದಲ್ಲದೆ ಇನ್ಯಾರ ಮುಂದೆ ಹೇಳಲಿ?

ತರಬೇತಿಯ ಮೊದಲ ದಿನ ಕಪ್ಪುಹಲಗೆಯ ಫೋಟೋ ತೆಗೆದು ಆ್ಯಪಿಗೆ ಹಾಕಲು ಹೇಳಿದರು. ಹನ್ನೊಂದು ಫೋಟೋ ತೆಗೆದೆ. ಹನ್ನೊಂದರಲ್ಲೂ ನನ್ನ ಹೆಬ್ಬೆರಳು. ಪಕ್ಕದಲ್ಲಿದ್ದ ಆಟದ ಮೇಷ್ಟ್ರು "ಬೆರಳಚ್ಚು ಸಿಕ್ತು ಟೀಚರ್, ಇನ್ನು ನೀವು ತಪ್ಪಿಸ್ಕೊಳ್ಳೋ ಹಾಗಿಲ್ಲ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ನನಗೆ ಹೇಳಿಕೊಡು. ಬೈಯದೆ ಹೇಳಿಕೊಡು. ನಿನಗೆ ಭಾಗಾಕಾರ ಕಲಿಸಿದವಳು ನಾನು, ಆಗ ಒಂದು ಸಲವೂ ಬೈದಿರಲಿಲ್ಲ. ಸ್ಕೇಲಿನಲ್ಲಿ ಹೊಡೆದದ್ದು ಬೇರೆ ವಿಷಯ.

ಉತ್ತರ ಬರೆದರೆ ಸಂತೋಷಪಡುವ,
ಅಕ್ಕ


ಸೆಪ್ಟೆಂಬರ್ 13

ಅಕ್ಕ,

ನಿನ್ನ ಕಾಗದ ಕಚೇರಿಗೆ ಬಂತು. ಕೈಬರಹದ ಲಕೋಟೆ ನೋಡಿ ಇಲ್ಲಿನವರು ಯಾರದೋ ಮದುವೆ ಅಂದುಕೊಂಡರು.

ಊಟದ ಮೇಜಿನ ವಿಷಯ ಈಗ ಬೇಡ. ಕೆಲಸದ ವಿಷಯ ಹೇಳುತ್ತೇನೆ.

ಆ್ಯಪಿನಲ್ಲಿ ನಿನ್ನ ತರಗತಿಯ ಪುಟ ತೆರೆ. ಅಲ್ಲಿ ‘ಟಿಪ್ಪಣಿ’ ಎಂದು ಒಂದು ಚೌಕವಿದೆ. ದಿನಾ ಸಂಜೆ ಅದರಲ್ಲಿ ನಾಲ್ಕು ಸಾಲು ಟೈಪ್ ಮಾಡು. ಪಾಠದ ಬಗ್ಗೆ ಬರೆಯಬೇಡ, ಬೇಜಾರಾಗಿ ಬಿಟ್ಟುಬಿಡುತ್ತೀಯ. ಮಕ್ಕಳ ಬಗ್ಗೆ ಬರೆ. ಅದು ನಿನಗೆ ನಿದ್ದೆಗಣ್ಣಿನಲ್ಲೂ ಬರುತ್ತದೆ. ಬರೆದದ್ದು ನಿನ್ನ ಬಳಿಯೇ ಇರುತ್ತದೆ, ಬೇರೆ ಯಾರಿಗೂ ಕಾಣುವುದಿಲ್ಲ. ಒಂದು ತಿಂಗಳಲ್ಲಿ ಬೆರಳು ತಾನಾಗಿ ಓಡುತ್ತದೆ.

ಚೌಕದ ಕೆಳಗೆ ಮೂರು ಗುಂಡಿಗಳಿವೆ. ಎಡದಿಂದ ಬಲಕ್ಕೆ: ಅಳಿಸು, ಉಳಿಸು, ಕಳಿಸು. ನೀನು ಒತ್ತಬೇಕಾದದ್ದು ನಡುವಿನದು. ಈ ಮೂರು ಪದ ಆರಿಸಿದವಳು ನಾನೇ, ಅಕ್ಕ. ಮೊದಲು ಅಲ್ಲಿ ಬರೀ ಚಿತ್ರಗಳಿದ್ದವು, ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಥಟ್ಟನೆ ಹೊಳೆಯಿತು. ಪ್ರಾಸಕ್ಕೆ ಪ್ರಾಸ, ಅಕ್ಷರಮಾಲೆಯ ಕ್ರಮಕ್ಕೆ ಕ್ರಮ. ಸಭೆಯಲ್ಲಿ ಚಪ್ಪಾಳೆ ತಟ್ಟಿದರು. ಅವತ್ತು ನಿನಗೆ ಹೇಳಬೇಕೆಂದು ತುಂಬಾ ಅನ್ನಿಸಿತ್ತು. ಮಾತು ಬಿಟ್ಟಿದ್ದೆವಲ್ಲ, ಹೇಳಲಿಲ್ಲ.

ಸ್ಕೇಲಿನ ಪೆಟ್ಟು ನನಗೆ ನೆನಪಿದೆ. ಎರಡು ಸಲ.

ನಿನ್ನ,
ಚೂಟಿ


ಅಕ್ಟೋಬರ್ 20

ಚೂಟಿ,

ನಿನ್ನ ಶಿಷ್ಯೆ ಪರವಾಗಿಲ್ಲ. ಫೋಟೋದಲ್ಲಿ ಈಗ ಹೆಬ್ಬೆರಳು ಬರುವುದಿಲ್ಲ. ಹಾಜರಿ ಆ್ಯಪಿನಲ್ಲೇ ಹಾಕುತ್ತೇನೆ. ಹೆಸರು ಕೂಗುವುದನ್ನು ಮಾತ್ರ ಬಿಟ್ಟಿಲ್ಲ. ದಿನಕ್ಕೊಂದು ಸಲವಾದರೂ ತನ್ನ ಹೆಸರನ್ನು ಯಾರಾದರೂ ಗಟ್ಟಿಯಾಗಿ ಕರೆಯಲಿ ಎಂದು ಮಕ್ಕಳಿಗೆ ಇರುತ್ತದೆ.

ಮೊದಲ ವಾರವೇ ಅಳಿಸು ಒತ್ತಿ ಮೂರು ಸಂಜೆಯ ಬರಹ ಕಳೆದುಕೊಂಡೆ. ಬರೆದದ್ದನ್ನೂ ಅಳಿಸಿತು, ನನ್ನನ್ನೂ ಅಳಿಸಿತು. ಹೆಸರಿಗೆ ತಕ್ಕ ಗುಂಡಿ. ಅಂದಿನಿಂದ ಎಡಗಡೆ ಅದು ಕಂಡರೆ ಹಾವು ಕಂಡವಳ ಹಾಗೆ ಬೆರಳು ಎಳೆದುಕೊಳ್ಳುತ್ತೇನೆ.

ಆದರೆ ಟಿಪ್ಪಣಿ ಬರೆಯುವುದು ನನಗೆ ಹಿಡಿಸಿಬಿಟ್ಟಿದೆ, ಕಣೆ. ಮೂವತ್ತಮೂರು ವರ್ಷ ತಲೆಯಲ್ಲಿ ಇಟ್ಟುಕೊಂಡು ಓಡಾಡಿದ್ದನ್ನು ಈಗ ಇಳಿಸಿ ಇಡುತ್ತಿದ್ದೇನೆ. ಯಾವ ಮಗು ಕಿಟಕಿ ಪಕ್ಕ ಕೂತರೆ ಪಾಠ ಕೇಳುವುದಿಲ್ಲ, ಯಾರಿಗೆ ಎಡಗಿವಿ ಮಂದ, ಯಾರು ಜಗಳವಾಡಿದ ದಿನ ಹೊಟ್ಟೆನೋವು ಅನ್ನುತ್ತಾರೆ, ಎಲ್ಲ ಬರೆದಿದ್ದೇನೆ. ತರಗತಿಯಲ್ಲಿ ಒಬ್ಬಳು ಮಾತಿನಮಲ್ಲಿ ಇದ್ದಾಳೆ, ಬೇಕರಿಯವರ ಮಗಳು. ಅವಳ ಪಕ್ಕದಲ್ಲೇ ಕೂರುವವಳು ಮೌನಗೌರಿ, ಲಾಂಡ್ರಿಯಲ್ಲಿ ಕೆಲಸ ಮಾಡುವಾಕೆಯ ಮಗಳು. ಹೆಸರಿಟ್ಟಿದ್ದು ನಾನೇ. ಒಬ್ಬಳ ಬಾಯಿ ಮುಚ್ಚಿಸಲು, ಇನ್ನೊಬ್ಬಳ ಬಾಯಿ ಬಿಡಿಸಲು ಇಡೀ ದಿನ ಹೋಗುತ್ತದೆ.

ಬೇಕರಿಯವರಿಗೆ ಏನಾದರೂ ಓದಲು ಕೊಟ್ಟರೆ "ಅಯ್ಯೋ, ಕನ್ನಡಕ ಮರ್ತು ಬಂದೆ ಟೀಚರ್" ಅನ್ನುತ್ತಾರೆ. ಮೂರು ವರ್ಷದಿಂದ, ಅಂದರೆ ಅವರ ಮೊದಲ ಮಗಳು ನನ್ನ ತರಗತಿಯಲ್ಲಿದ್ದಾಗಿನಿಂದ ಮರೆತೇ ಬರುತ್ತಿದ್ದಾರೆ. ಅವರಿಗೆ ಓದಲು ಬರುವುದಿಲ್ಲವೆಂದು ನನಗೆ ಅನುಮಾನ. ಅದನ್ನೂ ಟಿಪ್ಪಣಿಯಲ್ಲಿ ಬರೆದಿದ್ದೇನೆ.

ಒಂದು ದೂರೂ ಇದೆ. ಈಗ ಮನೆಗೆಲಸ, ರಜೆ, ಸಭೆ ಎಲ್ಲವನ್ನೂ ಆ್ಯಪಿನಲ್ಲೇ ತಿಳಿಸಬೇಕಂತೆ. ನನ್ನ ಮೂವತ್ತೊಂದು ಮನೆಗಳಲ್ಲಿ ಒಂಬತ್ತು ಮನೆಗೆ ಅದು ಮುಟ್ಟುವುದೇ ಇಲ್ಲ. ಕೆಲವರಿಗೆ ಓದು ಬರುವುದಿಲ್ಲ, ಕೆಲವರಿಗೆ ಫೋನು ಬರುವುದಿಲ್ಲ. ಕಳೆದ ವಾರ ಎಲ್ಲರೂ ಬಣ್ಣದ ಕಾಗದ ತಂದರು, ಒಂಬತ್ತು ಮಕ್ಕಳು ಬರಿಗೈಯಲ್ಲಿ ಕೂತಿದ್ದರು. ಅದೇ ಒಂಬತ್ತು, ಪ್ರತಿ ಸಲವೂ. ಮೊದಲು ಚೀಟಿ ಕೊಟ್ಟು ಕಳಿಸುತ್ತಿದ್ದಾಗ ಹೀಗಿರಲಿಲ್ಲ. ನೀವು ನನ್ನ ಕೌಶಲ ಅಳೆಯುತ್ತೀರಿ, ಅಳೆಯಿರಿ. ಅತ್ತ ಕಡೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ಅಳೆಯುವವರು ಯಾರು?

ದೂರು ಹೇಳಿದ್ದಕ್ಕೆ ಮುಖ ಊದಿಸಿಕೊಳ್ಳಬೇಡ.

ನಿನ್ನ ಶಿಷ್ಯೆ,
ಅಕ್ಕ


ನವೆಂಬರ್ 22

ಚೂಟಿ,

ಅನಾಹುತವಾಗಿದೆ.

ನಿನ್ನೆ ಸಂಜೆ ಐದೂವರೆಗೆ ಸ್ಟಾಫ್ ರೂಮಿನಲ್ಲಿ ಟಿಪ್ಪಣಿ ಮುಗಿಸಿ, ಅಳಿಸು ಮುಟ್ಟಬಾರದೆಂದು ಬೆರಳನ್ನು ಬಲಕ್ಕೆ ಸರಿಸಿದೆ. ಹೆಚ್ಚೇ ಸರಿಯಿತು. ಒತ್ತಿದ್ದು ಕಳಿಸು. ಎರಡು ತಿಂಗಳ ಟಿಪ್ಪಣಿ, ಮೂವತ್ತೊಂದು ಮಕ್ಕಳದ್ದೂ, ಮೂವತ್ತೊಂದು ಮನೆಗೂ ಹೋಯಿತು. ಒಂಬತ್ತು ಮನೆಗೆ ಆ್ಯಪು ಮುಟ್ಟುವುದಿಲ್ಲ ಎಂದು ಗೊಣಗಿದ್ದೆನಲ್ಲ, ಇದು ಮಾತ್ರ ಎಲ್ಲರಿಗೂ ಮುಟ್ಟಿತು. ಓದಲು ಬಾರದವರಿಗೆ ಅಕ್ಕಪಕ್ಕದವರೇ ಓದಿ ಹೇಳಿದ್ದಾರೆ.

‘ಈ ಮಗುವಿನ ತಂದೆಗೆ ಓದಲು ಬರುವುದಿಲ್ಲವೆಂದು ಕಾಣುತ್ತದೆ. ಮಗುವಿಗೆ ತಿಳಿಯದ ಹಾಗೆ ನೋಡಿಕೊಳ್ಳಬೇಕು.’ ಅದು ಬೇಕರಿಯವರ ಬಗ್ಗೆ. ‘ಮೌನಗೌರಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರುತ್ತಾಳೆ. ತಾಯಿಗೆ ಐದು ಗಂಟೆಗೇ ಕೆಲಸ. ನನ್ನ ಬ್ಯಾಗಿನಲ್ಲಿ ಬಿಸ್ಕತ್ತು ಇಟ್ಟುಕೊಳ್ಳಬೇಕು.’ ಇದನ್ನು ಈಗ ಎಲ್ಲರೂ ಓದಿದ್ದಾರೆ. ನಾನು ಪ್ರೀತಿಯಿಂದ ಬರೆದುಕೊಂಡದ್ದೆಲ್ಲ ಡಂಗುರವಾಗಿ ಹೋಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಷ್ಟು ಮಕ್ಕಳಿಗೆ ಕಾಪಿ ಬರೆಸಿದ್ದೇನೆ. ಇವತ್ತು ಹೆಡ್‌ಮಾಸ್ಟರ್ ಎಚ್ಚರಿಕೆ ಪತ್ರ ಕೈಗಿತ್ತರು. ಇನ್ನೊಂದು ತಪ್ಪಾದರೆ ಪರೀಕ್ಷೆಗೂ ಕಾಯದೆ ಉಗ್ರಾಣ. ಮೌನಗೌರಿ ಶಾಲೆಗೆ ಬರಲಿಲ್ಲ.

ನಿನ್ನ ಮೇಲೂ ಕೋಪವಿದೆ, ಮುಚ್ಚಿಡುವುದಿಲ್ಲ. ಅಳಿಸು, ಉಳಿಸು, ಕಳಿಸು. ಅಕ್ಕತಂಗಿಯರ ಹಾಗೆ ಒಂದೇ ಮುಖ ಮೂರಕ್ಕೂ! ಐವತ್ತೇಳರ ಕಣ್ಣಿಗೆ ಸಂಜೆ ಐದೂವರೆಗೆ ಅದು ಹೇಗೆ ಕಾಣುತ್ತದೆಂದು ಯಾರಾದರೂ ಯೋಚಿಸಿದ್ದಿರಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀನು ನಗಬಹುದು. ಆದರೆ ಈ ನೆಲ ನಿಜವಾಗಿಯೂ ಡೊಂಕು. ಹಾಗೆ ಹಾಕಿದವಳು ನೀನು.

ಅಕ್ಕ


ನವೆಂಬರ್ 28

ಅಕ್ಕ,

ನೆಲ ಡೊಂಕೇ. ನಗಲಿಲ್ಲ.

ಚಪ್ಪಾಳೆ ತಟ್ಟಿದ ಆ ಸಭೆಯಲ್ಲಿ ಒಬ್ಬರು ತಟ್ಟಿರಲಿಲ್ಲ. ನಮ್ಮ ಕಚೇರಿಯ ಹಿರಿಯ ಗುಮಾಸ್ತೆ. "ಮೂರೂ ಒಂದೇ ಥರ ಕಾಣತ್ತಮ್ಮ, ಕಣ್ಣು ಮಂಜಾದವರು ಎಡವ್ತಾರೆ" ಅಂದಿದ್ದರು. ನಾನು ತಮಾಷೆ ಮಾಡಿ ಕೂರಿಸಿದ್ದೆ. ಪ್ರಾಸ ಚೆನ್ನಾಗಿತ್ತಲ್ಲ, ಬಿಡಲು ಮನಸ್ಸಾಗಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಅವರ ಮೇಜಿನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವರು ಒಂದು ನಿಮಿಷ ಯೋಚಿಸಿ, "ಯಾವ ಸಭೆ?" ಅಂದರು.

ಈ ತಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನದು ಎಂದು ಕಚೇರಿಗೆ ಬರೆದುಕೊಟ್ಟಿದ್ದೇನೆ, ಅದರ ಪ್ರತಿ ನಿಮ್ಮ ಹೆಡ್‌ಮಾಸ್ಟರ್‌ಗೂ ಬರುತ್ತದೆ. ಟಿಪ್ಪಣಿ ಬರೆ, ಯಾರಿಗೂ ಕಾಣುವುದಿಲ್ಲ ಎಂದು ಭರವಸೆ ಕೊಟ್ಟವಳೂ ನಾನೇ. ಗುಂಡಿ ಬದಲಾಗುತ್ತದೆ. ಇನ್ನು ಮೇಲೆ ಟಿಪ್ಪಣಿಯ ಪುಟದಲ್ಲಿ ಕಳಿಸುವ ಗುಂಡಿಯೇ ಇರುವುದಿಲ್ಲ. ಸಂದೇಶದ ಪುಟದಲ್ಲಿ ಅದನ್ನು ಒತ್ತಿದರೆ ‘ಇದು ಮೂವತ್ತೊಂದು ಮನೆಗೆ ಹೋಗುತ್ತದೆ, ಕಳಿಸಲೇ?’ ಎಂದು ಕೇಳುತ್ತದೆ. ನಾಲ್ಕು ಮಾತು ಜಾಸ್ತಿ. ಪ್ರಾಸ ಹಾಳಾಯಿತು. ಹಾಳಾಗಲಿ.

ಈಗ ಊಟದ ಮೇಜಿನ ವಿಷಯ. ನಾನು ಆಡಬಾರದ ಮಾತು ಆಡಿದೆ, ಅಕ್ಕ. ನೀನು ಹೋದ ಮೇಲೆ ನಿನ್ನ ತಟ್ಟೆ ಎತ್ತಲು ಆಗದೆ ತುಂಬ ಹೊತ್ತು ಅಲ್ಲೇ ಕೂತಿದ್ದೆ. ಮರುದಿನವೇ ಫೋನ್ ಮಾಡಬೇಕಿತ್ತು. ಒಂದು ದಿನ ಬಿಟ್ಟೆ, ಆಮೇಲೆ ಬಿಟ್ಟ ದಿನಗಳೇ ಅಡ್ಡ ಬಂದವು. ಕ್ಷಮಿಸು.

ಮೌನಗೌರಿ ಶಾಲೆಗೆ ಬಂದಳೇ? ಅದೊಂದು ಬರೆ.

ಚೂಟಿ


ಡಿಸೆಂಬರ್ 15

ಚೂಟಿ,

ನಿನ್ನ ಕಾಗದವನ್ನು ನಿನ್ನ ಭಾವನಿಗೂ ಓದಿ ಹೇಳಿದೆ. ‘ಕ್ಷಮಿಸು’ ಬಂದ ಸಾಲನ್ನು ಎರಡು ಸಲ ಓದಿದೆ. ಅವರು ಬೇಗನೆ ಎದ್ದು ಚಹಾ ಮಾಡಲು ಹೋದರು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಈ ಕಡೆಯ ಸುದ್ದಿ. ಹದಿಮೂರು ಜನ ತಂದೆತಾಯಿ ಶಾಲೆಗೆ ಬಂದರು. ಕೆಲವರು ಬೈದರು, ಬೈಸಿಕೊಂಡೆ. ಎಡಗಿವಿ ಮಂದವಿದ್ದ ಮಗುವಿನ ತಾಯಿ ಮಾತ್ರ "ನಮಗೇ ಗೊತ್ತಿರ್ಲಿಲ್ಲ ಟೀಚರ್" ಎಂದು ಆಗಲೇ ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದಿದ್ದರು.

ಬೇಕರಿಯವರು ನಾಲ್ಕನೇ ದಿನ ಬಂದರು. ಬಾಗಿಲಲ್ಲೇ ನಿಂತು, ಮುಂಗೈಯ ಹಿಟ್ಟು ಒರೆಸಿಕೊಳ್ಳುತ್ತಾ, "ನನ್ ಮಗಳೇ ಓದಿ ಹೇಳಿದ್ಳು ಟೀಚರ್" ಎಂದರು.

"ಯಾವುದನ್ನ?" ಎಂದೆ. ಗೊತ್ತಿದ್ದೇ ಕೇಳಿದೆ.

"ಅಪ್ಪನಿಗೆ ಓದಕ್ಕೆ ಬರಲ್ಲ, ಮಗುಗೆ ಗೊತ್ತಾಗಬಾರ್ದು ಅಂತ ಬರ್ದಿದ್ರಲ್ಲ, ಅದನ್ನ. ಗಟ್ಟಿಯಾಗಿ ಓದಿದ್ಳು. ಓದಿ ಮುಗ್ಸಿ, ಇದು ಯಾರಪ್ಪ ಅಂತ ಕೇಳಿದ್ಳು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನೀವೇನು ಹೇಳಿದ್ರಿ?"

"ನಾನೇ ಕಣಮ್ಮ ಅಂದೆ." ಹೇಳಿ ಅವರೇ ನಕ್ಕುಬಿಟ್ಟರು. "ಮೂರು ವರ್ಷದಿಂದ ಕನ್ನಡಕ ಮರ್ತು ಮರ್ತು ಸಾಕಾಗಿದೆ ಟೀಚರ್. ನಿಜ ಹೇಳ್ಬೇಕು ಅಂದ್ರೆ ನನ್ಹತ್ರ ಕನ್ನಡಕಾನೇ ಇಲ್ಲ. ಈಗಂತೂ ಊರಿಗೇ ಗೊತ್ತಾಯ್ತು. ಇನ್ನು ಕಲಿಸಿಬಿಡಿ."

ಹಾಗೆ ಶುರುವಾದದ್ದು ಶನಿವಾರದ ತರಗತಿ. ಮೊದಲ ವಾರ ಅವರೊಬ್ಬರೇ, ಎರಡನೇ ವಾರ ನಾಲ್ವರು, ಮೊನ್ನೆ ಏಳು ಜನ. ಅಕ್ಷರ ಬಾರದವರು ಅಕ್ಷರ ಕಲಿಯುತ್ತಾರೆ, ಫೋನು ಬಾರದವರು ಫೋನು. ಫೋನಿನಲ್ಲಿ ನಾನೂ ಇನ್ನೂ ಕಲಿಯುತ್ತಿರುವವಳೇ ಆದ್ದರಿಂದ ಅವರಿಗೆ ನನ್ನ ಮುಂದೆ ಸಂಕೋಚವಿಲ್ಲ. ಮೊದಲ ಪಾಠಕ್ಕೆ ಹಲಗೆಯ ಮೇಲೆ ನಿನ್ನ ಮೂರು ಪದಗಳನ್ನೇ ಬರೆದೆ. ಅ, ಉ, ಕ ಮೂರನ್ನೇ ನೋಡಿ, ಮಿಕ್ಕಿದ್ದೆಲ್ಲ ಒಂದೇ ಎಂದೆ. ಬೇಕರಿಯವರು ಬಹಳ ಹೊತ್ತು ನೋಡಿ, "ಒಂದಕ್ಷರ ತಪ್ಪಿದ್ದಕ್ಕಾ ಟೀಚರ್ ಇಷ್ಟೆಲ್ಲ ರಾದ್ಧಾಂತ?" ಎಂದರು. ಎಲ್ಲರೂ ನಕ್ಕರು. ಈ ಸಲ ಮನೆಗೆ ಬಂದ ಮೇಲೂ ನಕ್ಕೆ.

ಈಗ ನೀನು ಕೇಳಿದ್ದು. ಮೌನಗೌರಿ ಐದು ದಿನ ಬರಲಿಲ್ಲ. ಆರನೇ ದಿನ ನಾನೇ ಲಾಂಡ್ರಿಗೆ ಹೋದೆ. ಮಧ್ಯಾಹ್ನ, ಒಳಗೆಲ್ಲ ಹಬೆ. ಅವಳ ತಾಯಿ ಆಸ್ಪತ್ರೆಯ ಬಿಳಿ ಹಾಸುಗಳನ್ನು ಯಂತ್ರದಿಂದ ಎಳೆದು ರಾಶಿ ಹಾಕುತ್ತಿದ್ದಳು. ತಪ್ಪಾಯಿತು ಎಂದೆ. ಆಕೆ ಕೈ ನಿಲ್ಲಿಸಲಿಲ್ಲ.

"ನನ್ ಮಗಳ ಹೊಟ್ಟೆ ವಿಷಯ ಊರಿಗೆಲ್ಲ ಗೊತ್ತಾಗ್ಬೇಕಿತ್ತಾ? ಬಿಸ್ಕತ್ ಕೊಟ್ರಿ, ಸಂತೋಷ. ಹೇಳ್ಬೇಕಿತ್ತಾ?"

ಇಲ್ಲ ಎಂದೆ. ಹೊರಡದೆ ಅಲ್ಲೇ ನಿಂತಿದ್ದೆ. ಆ ಹಾಸುಗಳನ್ನು ಒಬ್ಬರೇ ಮಡಚಲು ಆಗುವುದಿಲ್ಲ, ಚೂಟಿ. ಅವತ್ತು ಜೊತೆಯವಳು ರಜೆಯಿದ್ದಳಂತೆ. ಸ್ವಲ್ಪ ಹೊತ್ತಾದ ಮೇಲೆ ನನ್ನ ಮುಖ ನೋಡದೆ ಎರಡು ಮೂಲೆಗಳನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ನಲವತ್ತು ಹಾಸು ಮಡಚಿದೆವು. ಮರುದಿನ ಮೌನಗೌರಿ ಶಾಲೆಗೆ ಬಂದಳು.

ಕ್ಷಮಿಸಿದ್ದಾಳೆ ಎಂದುಕೊಳ್ಳಬೇಡ. ಅವತ್ತಿನಿಂದ ಆಕೆ ಶಾಲೆಯ ಒಂದು ಸಂದೇಶವನ್ನೂ ತೆರೆದಿಲ್ಲ. ಆಕೆಗೆ ಓದಲು ಚೆನ್ನಾಗಿಯೇ ಬರುತ್ತದೆ, ತೆರೆಯುವುದಿಲ್ಲ, ಅಷ್ಟೇ. ತೆರೆದವರ ಹೆಸರಿನ ಮುಂದೆ ಹಸಿರು ಚುಕ್ಕೆ ಬರುತ್ತದಲ್ಲ, ಆಕೆಯದು ಬೂದಿ ಬಣ್ಣದಲ್ಲೇ ಇದೆ. ಗುರುವಾರಕ್ಕೊಮ್ಮೆ ನಾನೇ ಚೀಟಿ ಬರೆದುಕೊಂಡು ಲಾಂಡ್ರಿಗೆ ಹೋಗುತ್ತೇನೆ. ತೆಗೆದುಕೊಳ್ಳುತ್ತಾಳೆ. ಮಾತಾಡುವುದಿಲ್ಲ.

ಒಂದು ಶನಿವಾರ ಬಾ. ನಿನ್ನ ಆ್ಯಪು ಅತ್ತ ಕಡೆಯಿಂದ ಹೇಗೆ ಕಾಣುತ್ತದೆಂದು ನೋಡುವೆಯಂತೆ.

ನಿನ್ನ ದಾರಿ ಕಾಯುವ,
ಅಕ್ಕ


ಜನವರಿ 19

ಅಕ್ಕ,

ಬಂದು ಹೋಗಿ ಎಂಟು ದಿನವಾಯಿತು, ಇನ್ನೂ ನಿನ್ನ ಶನಿವಾರವೇ ಕಣ್ಣಮುಂದಿದೆ. ನಾಲ್ಕನೇ ತರಗತಿಯ ಪುಟ್ಟ ಬೆಂಚುಗಳಲ್ಲಿ ಮಂಡಿ ಎದೆಗೆ ತಾಗಿಸಿಕೊಂಡು ಕೂತ ಅಷ್ಟು ದೊಡ್ಡ ಜನ! ಗೊತ್ತಿದ್ದವರು ಗೊತ್ತಿಲ್ಲದವರ ಫೋನಿಗೆ ಬಗ್ಗಿ ಹೇಳಿಕೊಡುತ್ತಿದ್ದರು. ಒಂದೇ ಬೀದಿಯಲ್ಲಿದ್ದೂ ಇಷ್ಟು ವರ್ಷ ಪರಸ್ಪರ ಮಾತಾಡಿರಲಿಲ್ಲವಂತೆ, ಈಗ ಒಬ್ಬರ ಮಗುವನ್ನು ಇನ್ನೊಬ್ಬರು ಶಾಲೆಗೆ ಕರೆತರುತ್ತಾರಂತೆ. ನಾನು ಆರು ವರ್ಷದಿಂದ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದೇನೆ. ಯಂತ್ರ ಕಲಿಸಿದೆ. ಅದು ಯಾರ ಯಾರನ್ನು ಹೊರಗೆ ನಿಲ್ಲಿಸುತ್ತದೆಂದು ಒಂದು ದಿನವೂ ತಿರುಗಿ ನೋಡಲಿಲ್ಲ. ನೀನು ಅಕ್ಟೋಬರಿನಲ್ಲೇ ಕೇಳಿದ್ದೆ, ನಾನು ಉತ್ತರ ಬರೆಯಲಿಲ್ಲ. ಉತ್ತರ ಇರಲಿಲ್ಲ.

ಈಗ ಇದೆ. ಕಚೇರಿಯಲ್ಲಿ ಹಟ ಹಿಡಿದು ಕೂತೆ, ಒಪ್ಪಿದರು! ಈ ಸಲದಿಂದ ಪರೀಕ್ಷೆಯ ಕೊನೆಯ ಭಾಗ ಬೇರೆ. ಶಿಕ್ಷಕರು ಪರೀಕ್ಷಕರ ಮುಂದೆ ತಮ್ಮ ತರಗತಿಯ ಮನೆಗಳಿಗೆ ನಿಜವಾದ ಒಂದು ಸಂದೇಶ ಕಳಿಸಬೇಕು. ಒಂದು ಗಂಟೆಯೊಳಗೆ ಹತ್ತರಲ್ಲಿ ಒಂಬತ್ತು ಮನೆಯವರು ಅದನ್ನು ತೆರೆದಿರಬೇಕು. ಮೊದಲೇ ಮನೆಯವರಿಗೆ ಸುಳಿವು ಕೊಡುವಂತಿಲ್ಲ. ಅದಾಗದಿದ್ದರೆ ಪಾಸಿಲ್ಲ. ನಿನ್ನನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆದೆ. ನಿನಗಂತೂ ಇದು ನೀರು ಕುಡಿದಷ್ಟು ಸುಲಭ.

ಹೆಮ್ಮೆಯಿಂದ,
ನಿನ್ನ ಚೂಟಿ


ಜನವರಿ 25

ಚೂಟಿ,

ಅಲ್ಲ ಕಣೆ ತಾಯಿ, ನನ್ನ ಮೇಲಿನ ಪ್ರೀತಿಗೆ ನನ್ನ ಕುತ್ತಿಗೆಗೇ ಹಗ್ಗ ಹೆಣೆದೆಯಲ್ಲ!

ಕೂಡಿಸಿ ನೋಡು. ಮೂವತ್ತೊಂದರಲ್ಲಿ ಹತ್ತಕ್ಕೆ ಒಂಬತ್ತು ಅಂದರೆ ಇಪ್ಪತ್ತೆಂಟು ಮನೆ. ನನ್ನ ಒಂಬತ್ತು ಮನೆಗಳಲ್ಲಿ ಏಳು ಮನೆಯವರು ಶನಿವಾರ ಬಂದು ಕಲಿತರು. ಉಳಿದದ್ದು ಎರಡು. ಒಬ್ಬರು ಲಾರಿ ಓಡಿಸುತ್ತಾರೆ, ಹಗಲಲ್ಲಿ ಫೋನ್ ಮುಟ್ಟುವುದಿಲ್ಲ. ಇನ್ನೊಂದು ಮನೆಯಲ್ಲಿ ಅಜ್ಜಿ ಮಾತ್ರ, ಹಳೆಯ ಫೋನು, ಆ್ಯಪೇ ಇಲ್ಲ. ಅವರ ಜೊತೆಗೆ ಲಾಂಡ್ರಿಯಾಕೆ. ಮೂರು ಹೋದರೆ ಸರಿಯಾಗಿ ಇಪ್ಪತ್ತೆಂಟು. ಒಂದು ಮನೆಯೂ ತಪ್ಪುವಂತಿಲ್ಲ.

ಆದರೆ ನೀನು ಕೇಳಿದ್ದು ಸರಿಯಾದ ಪ್ರಶ್ನೆ. ತೆಗೆಸಬೇಡ. ಫೇಲಾದರೂ ಇದೇ ಪ್ರಶ್ನೆಯಲ್ಲಿ ಫೇಲಾಗುತ್ತೇನೆ.

ಗೊಣಗುತ್ತಲೇ ಮೆಚ್ಚಿದ,
ಅಕ್ಕ


ಫೆಬ್ರವರಿ 27

ಚೂಟಿ,

ಫೋನಿನಲ್ಲಿ ನಿನಗೆ ಹೇಳಿದ್ದು ಫಲಿತಾಂಶ ಮಾತ್ರ. ಅಳುತ್ತಿದ್ದೆ, ಮಿಕ್ಕಿದ್ದು ಹೇಳಲಾಗಲಿಲ್ಲ. ಈಗ ಕ್ರಮವಾಗಿ ಬರೆಯುತ್ತೇನೆ.

ಪರೀಕ್ಷಕರು ಗಂಭೀರ ಹೆಂಗಸು. ನಕ್ಕರೆ ಮುಖ ಸುಕ್ಕಾದೀತು ಅನ್ನುವವರ ಹಾಗೆ ಕೂತಿದ್ದರು. ಹಾಜರಿ, ಫೋಟೋ, ಅಂಕಪಟ್ಟಿ ಎಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆಯಿತು. ಕೊನೆಯ ಭಾಗಕ್ಕೆ ನಾನು ಬರೆದ ಸಂದೇಶ: ‘ನಾಳೆ ಶಾಲೆಯಲ್ಲಿ ಹಲ್ಲಿನ ತಪಾಸಣೆ. ಮಕ್ಕಳಿಗೆ ಚೆನ್ನಾಗಿ ಹಲ್ಲುಜ್ಜಿಸಿ. ಡಾಕ್ಟರ ಕೈ ಕಚ್ಚಬಾರದೆಂದೂ ಹೇಳಿ.’ ಹತ್ತೂ ಇಪ್ಪತ್ತಕ್ಕೆ ಗುಂಡಿ ಒತ್ತಿದೆ. ಮೂವತ್ತೊಂದು ಮನೆಗೆ ಹೋಗುತ್ತದೆ, ಕಳಿಸಲೇ ಎಂದು ಕೇಳಿತು. ನಿನ್ನ ದನಿಯೇ ಕೇಳಿದ ಹಾಗಾಯಿತು. ಕಳಿಸು ಎಂದೆ, ಬಾಯಿ ಬಿಟ್ಟೇ ಹೇಳಿದೆ. ಪರೀಕ್ಷಕರು ತಲೆ ಎತ್ತಿ ನೋಡಿದರು.

ಕಾಲು ಗಂಟೆಯಲ್ಲಿ ಹದಿನೇಳು ಹಸಿರು ಚುಕ್ಕೆ. ಬೇಕರಿಯವರು ತೆರೆದದ್ದಲ್ಲದೆ ಉತ್ತರವನ್ನೂ ಬರೆದರು. ‘ಓದಿದೆ. ನಾನೆ ಓದಿದೆ.’ ಒಂದು ದೀರ್ಘ ತಪ್ಪಿತ್ತು, ತಿದ್ದುವ ಮನಸ್ಸಾಗಲಿಲ್ಲ. ಅರ್ಧ ಗಂಟೆಗೆ ಇಪ್ಪತ್ತೈದು. ಹನ್ನೊಂದಕ್ಕೆ ಇಪ್ಪತ್ತೇಳು. ಅಲ್ಲಿಗೆ ನಿಂತಿತು.

ಆ ಮೂರು ಮನೆ ಬಿಟ್ಟರೆ ಉಳಿದದ್ದು ನರ್ಸ್ ಕೆಲಸ ಮಾಡುವ ಒಬ್ಬ ತಾಯಿ. ಡ್ಯೂಟಿಯಲ್ಲಿ ಅವರ ಫೋನು ಲಾಕರಿನಲ್ಲಿರುತ್ತದೆ ಎಂಬುದು ನನಗೆ ಆಗ ನೆನಪಾಯಿತು. ಕಿಟಕಿಯಾಚೆ ನನ್ನ ಮಕ್ಕಳು ಆಟದ ಮೇಷ್ಟ್ರ ಜೊತೆ ಸಾಲಾಗಿ ನಿಂತಿದ್ದರು. ಮಾತಿನಮಲ್ಲಿ ಸಾಲು ಬಿಟ್ಟು ಮೌನಗೌರಿಗೆ ಏನೋ ಹೇಳುತ್ತಿದ್ದಳು. ಇವಳು ಅದಕ್ಕೆ ಉತ್ತರ ಕೊಡುತ್ತಿದ್ದಳು, ಚೂಟಿ, ಕೈ ಆಡಿಸಿಕೊಂಡು! ನಾಳೆಯಿಂದ ಇದನ್ನು ಇನ್ಯಾರೋ ನೋಡುತ್ತಾರೆ ಎಂದುಕೊಂಡೆ. ಪರೀಕ್ಷಕರು ಗಡಿಯಾರ ನೋಡಿದರು. ಹನ್ನೊಂದು ಹದಿನೈದು. ಹನ್ನೊಂದು ಹದಿನೇಳು.

"ಒಂದು ಮನೆ ಕಡಿಮೆ ಇದೆ, ಟೀಚರ್" ಎಂದರು. ಅವರ ದನಿಯಲ್ಲೂ ಬೇಸರವಿತ್ತು.

"ಹೌದು" ಎಂದೆ. ಕಾಗದದ ಕೆಳಗೆ ಸಹಿ ಮಾಡಲು ಪೆನ್ನು ತೆಗೆದೆ.

ಆಗ ಬಂತು. ಮೂರು ತಿಂಗಳಿಂದ ಬೂದಿ ಬಣ್ಣದಲ್ಲಿದ್ದ ಚುಕ್ಕೆ ಹಸಿರಾಯಿತು. ಅದರ ಹಿಂದೆಯೇ ಒಂದು ಸಾಲು ಬಂತು. ಪರೀಕ್ಷಕರು ನನ್ನ ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡು ಗಟ್ಟಿಯಾಗಿ ಓದಿದರು: "ಕೈ ಒದ್ದೆ ಇತ್ತು. ಈಗ ನೋಡಿದೆ." ಆಮೇಲೆ ಇಪ್ಪತ್ತೆಂಟು ಎಂದು ಬರೆದುಕೊಂಡರು.

ನಾನು ಅವರ ಮುಂದೆಯೇ ಅತ್ತುಬಿಟ್ಟೆ. ಪಾಸಾದದ್ದಕ್ಕೆ ಅಳುತ್ತಿದ್ದೇನೆ ಅಂದುಕೊಂಡು ಅವರು ನೀರು ತರಿಸಿದರು. ಪರೀಕ್ಷೆಯ ವಿಷಯ ಆಕೆಗೆ ಗೊತ್ತೇ ಇರಲಿಲ್ಲ, ಚೂಟಿ. ಹಬೆಯ ನಡುವೆ, ಹಾಸುಗಳ ರಾಶಿ ಬಿಟ್ಟು, ನನ್ನ ಮಾತು ಓದಲೆಂದು ಆಕೆ ಕೈ ಒರೆಸಿಕೊಂಡಳು.

ನಾಲ್ಕನೇ ತರಗತಿಯ ಟೀಚರ್,
ನಿನ್ನ ಅಕ್ಕ